ಹೆಡೆಬಿ ಪೇಟೆ, ಕ್ರಿ.ಶ. 965: ಬಾಚಣಿಗೆ ಮಾಡುವವನ ಮನೆಯಲ್ಲಿ ಒಂದು ದಿನ ಹೇಗಿರುತ್ತಿತ್ತು?

ಬಾನುಲಿಬರಹ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಅರ್ಧ ಗಂಟೆಯ ಬಾನುಲಿ ನಾಟಕ ಬರೆಯುತ್ತಿದ್ದೇನೆ. ಜಾಗ ಹೆಡೆಬಿ, ಅಂದರೆ ಆಗಿನ ಡೆನ್ಮಾರ್ಕಿನ ದಕ್ಷಿಣ ತುದಿಯಲ್ಲಿದ್ದ ವೈಕಿಂಗ್ (ಉತ್ತರ ಯುರೋಪಿನ ಕಡಲಯಾನಿಗಳು) ಕಾಲದ ವ್ಯಾಪಾರದ ಪೇಟೆ. ಈಗ ಅದು ಜರ್ಮನಿಯ ಶ್ಲೆಸ್ವಿಗ್ ಊರಿನ ಮಗ್ಗುಲಲ್ಲಿದೆ. ಕಾಲ 965ರ ಆಸುಪಾಸು. ಮನೆಯಲ್ಲಿ ಬಾಚಣಿಗೆ ಮಾಡುವ ಅಪ್ಪ, ನೂಲುವ ಅಮ್ಮ, ಹತ್ತು ವರ್ಷದ ಮಗಳು, ಒಬ್ಬಳು ಅಜ್ಜಿ. ಕತ್ತಿ, ದಾಳಿ ಯಾವುದೂ ಬೇಡ. ಬೆಳಗಿನಿಂದ ರಾತ್ರಿವರೆಗಿನ ಒಂದು ಸಾಮಾನ್ಯ ದಿನ ಸಾಕು.

ಕಣ್ಣಿಗೆ ತೋರಿಸಲು ಆಗದ ಮಾಧ್ಯಮ ಇದು. ಕೆಲಸ ನಡೆಯುವಾಗ ಯಾವುದು ಯಾವುದಕ್ಕೆ ತಾಗುತ್ತದೆ, ಎಂಥ ಸದ್ದು ಬರುತ್ತದೆ ಎಂಬುದು ತಪ್ಪಿದರೆ ಇಡೀ ನಾಟಕವೇ ತಪ್ಪುತ್ತದೆ. ತಿಳಿಯಬೇಕಾದ್ದು ಇಷ್ಟು: ಮನೆ ಹೇಗಿತ್ತು? ಬಾಚಣಿಗೆಯನ್ನು ಹಂತಹಂತವಾಗಿ ಹೇಗೆ ಮಾಡುತ್ತಿದ್ದರು? ಮಾರಿದಾಗ ಕೈಗೆ ಏನು ಬರುತ್ತಿತ್ತು? ಏನು ಉಣ್ಣುತ್ತಿದ್ದರು, ನೀರು ಎಲ್ಲಿಂದ, ಕಕ್ಕಸು ಎಲ್ಲಿ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ತಡಿಕೆಗೋಡೆ:

ಮನೆಯ ಮಟ್ಟಿಗೆ ನಿಮಗೆ ಒಳ್ಳೆಯ ಆಧಾರ ಇದೆ. ಹೆಡೆಬಿಯಲ್ಲಿ ಅಗೆದಾಗ ಸಿಕ್ಕ ಮನೆಗಳಲ್ಲಿ ಒಂದು ತುಂಬ ಚೆನ್ನಾಗಿ ಉಳಿದಿತ್ತು. ಅದರ ಮರದ ಉಂಗುರಗಳನ್ನು ಎಣಿಸಿ, ಕಟ್ಟಿದ ವರ್ಷ 870 ಎಂದು ಗುರುತಿಸಿದ್ದಾರೆ. ಉದ್ದ ಸುಮಾರು 12 ಮೀಟರ್, ಅಗಲ 5 ಮೀಟರ್. ಒಳಗೆ ಮೂರು ಕೋಣೆ. ನಡುವಿನದು ವಾಸದ ಕೋಣೆ: ಮಧ್ಯದಲ್ಲಿ ನೆಲದ ಮೇಲೇ ಒಲೆ, ಎರಡೂ ಗೋಡೆಗುಂಟ ಜಗಲಿ. ಕೂರುವುದು, ಉಣ್ಣುವುದು, ಮಲಗುವುದು ಎಲ್ಲ ಆ ಜಗಲಿಯ ಮೇಲೆ. ಒಂದು ತುದಿಯ ಕೋಣೆಯಲ್ಲಿ ಗುಮ್ಮಟದಂಥ ಮಣ್ಣಿನ ಒಲೆ ಇತ್ತು. ಇನ್ನೊಂದು ತುದಿಯ ಕೋಣೆಯನ್ನು ನಿಮ್ಮ ಬಾಚಣಿಗೆಯವನಿಗೆ ಕೊಡಿ.

ಗೋಡೆ ಎಂದರೆ ನಮ್ಮ ತಡಿಕೆ ಗೋಡೆಯೇ. ನೆಟ್ಟ ಗೂಟಗಳ ನಡುವೆ ಬಳುಕುವ ಕಡ್ಡಿಗಳನ್ನು ಹೆಣೆದು ಎರಡೂ ಕಡೆ ಮಣ್ಣು ಮೆತ್ತಿದ್ದು. ಮಾಡಿಗೆ ಜೊಂಡು. ಆ ಮಾಡಿನ ಭಾರ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತದೆ. ಅದಕ್ಕೇ ಹೊರಗಿನಿಂದ ಸಾಲಾಗಿ ಓರೆ ಕಂಬಗಳನ್ನು ಊರೆ ಕೊಟ್ಟಿದ್ದರು. ಇದರಿಂದ ಒಳಗೆ ನಡುಗಂಬಗಳೇ ಬೇಕಾಗುವುದಿಲ್ಲ. 5 ಮೀಟರ್ ಅಗಲದ ಮನೆಯಲ್ಲಿ ಅದು ದೊಡ್ಡ ಅನುಕೂಲ.

ಕೆಡುವುದು ಎಲ್ಲಿ ಗೊತ್ತೇ? ಕಂಬ ನೆಲಕ್ಕೆ ಇಳಿಯುವ ಗೇಣುದ್ದದಲ್ಲಿ. ಅಲ್ಲಿ ಗಾಳಿಯೂ ಉಂಟು, ತೇವವೂ ಉಂಟು. ಮರ ಕೊಳೆಯಲು ಎರಡೂ ಒಟ್ಟಿಗೆ ಬೇಕು. ಅದಕ್ಕಿಂತ ಕೆಳಗೆ ನೀರು ನಿಂತ ಕೆಸರಿನಲ್ಲಿ ಗಾಳಿ ಸೇರದ ಕಾರಣ ಅದೇ ಮರ ಸಾವಿರ ವರ್ಷ ಉಳಿದು ಅಗೆಯುವವರ ಕೈಗೆ ಸಿಕ್ಕಿದೆ. ಮನೆ ಕೆಲವು ದಶಕ ನಿಂತರೆ ಹೆಚ್ಚು. ಹಳೆಯದನ್ನು ಕೆಡವಿ, ಮಣ್ಣು ಹರಡಿ, ಅದೇ ನಿವೇಶನದಲ್ಲಿ ಹೊಸದು ಕಟ್ಟುತ್ತಿದ್ದರು. ನಿಮ್ಮ ಅಜ್ಜಿ ತನ್ನ ಜೀವಮಾನದಲ್ಲಿ ಒಂದೇ ಜಾಗದಲ್ಲಿ ಎರಡು ಮೂರು ಮನೆ ಕಂಡಿರಬಹುದು.

ಸದ್ದಿನ ವಿಷಯ: ಬೀದಿಗೆ ಮರದ ಹಲಗೆ ಹಾಸಿದ್ದರು. ಹೆಜ್ಜೆ ಸಪ್ಪಳ ಟೊಳ್ಳಾಗಿ, ಮರದ ಮೇಲೆ ನಡೆದ ಹಾಗೆ ಕೇಳಬೇಕು. ಕಲ್ಲು ಹಾಸಿನ ಸದ್ದು ಹಾಕಬೇಡಿ. ಊರಿನ ನಡುವೆ ಒಂದು ತೊರೆ ಹರಿಯುತ್ತಿತ್ತು, ಅದರ ದಡಗಳಿಗೂ ಹಲಗೆ ಬಡಿದಿದ್ದರು. ಹೊಗೆ ಹೋಗಲು ಚಿಮಣಿ ಇಲ್ಲ, ಮಾಡಿನ ಎರಡು ತುದಿಯ ಕಿಂಡಿಗಳೇ ಗತಿ. ನಿಂತರೆ ಕಣ್ಣುರಿ, ಕೂತರೆ ಪರವಾಗಿಲ್ಲ. ಆದ್ದರಿಂದ ಒಳಗಿನ ಮಾತೆಲ್ಲ ಕೂತವರ ಮಾತು, ನಡುನಡುವೆ ಕೆಮ್ಮು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಏಳೂವರೆ ಗಂಟೆಗೂ ಕಡಿಮೆ, ಜೂನ್‌ನಲ್ಲಿ 17 ಗಂಟೆ. ಯಾವ ತಿಂಗಳು ಎಂದು ಮೊದಲು ತೀರ್ಮಾನಿಸಿ. ಚಳಿಗಾಲವಾದರೆ ಸೂಕ್ಷ್ಮ ಕೆಲಸಕ್ಕೆ ಬಾಗಿಲ ಬಳಿಯ ಬೆಳಕು ಬೇಕೇ ಬೇಕು.

ಕೊಂಬು_ಗರಗಸ:

ಬಾಚಣಿಗೆ ನಿಮ್ಮ ನಾಟಕದ ಜೀವ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಚ್ಚಾ ಮಾಲು ಕೆಂಪು ಜಿಂಕೆಯ ಕೊಂಬು. ನಮ್ಮ ಕಡವೆಯ ಹಾಗೆ ಆ ಜಿಂಕೆಯೂ ಕೊಂಬು ಉದುರಿಸುತ್ತದೆ, ಅಲ್ಲಿ ಚಳಿಗಾಲದ ಕೊನೆಯಿಂದ ವಸಂತದವರೆಗೆ. ಪೇಟೆಗೆ ಬರುತ್ತಿದ್ದುದರಲ್ಲಿ ಹೆಚ್ಚಿನವು ಹೀಗೆ ಉದುರಿದ್ದನ್ನು ಹೆಕ್ಕಿ ತಂದವು. ಬುಡದ ಉಂಗುರದ ಕೆಳಗೆ ತಾನಾಗಿ ಕಳಚಿದ ಮುಖ ಇದ್ದರೆ ಹೆಕ್ಕಿದ್ದು, ತಲೆಬುರುಡೆಯ ಚೂರು ಅಂಟಿದ್ದರೆ ಬೇಟೆಯದ್ದು. ಹೆಕ್ಕುವವರು ತಡ ಮಾಡುವಂತಿರಲಿಲ್ಲ. ಬಿದ್ದ ಕೊಂಬನ್ನು ಜಿಂಕೆಗಳೇ ಅಗಿದು ಹಾಳು ಮಾಡುತ್ತವೆ.

ಮೂಳೆ ಬಿಟ್ಟು ಕೊಂಬೇ ಯಾಕೆ? ಕೊಂಬಿನಲ್ಲಿ ಖನಿಜದ ಪಾಲು ಕಡಿಮೆ, ನಾರಿನ ಪಾಲು ಹೆಚ್ಚು. ಬಾಗುತ್ತದೆ, ಥಟ್ಟನೆ ಮುರಿಯುವುದಿಲ್ಲ. ಗಂಟು ಕಟ್ಟಿದ ಕೂದಲಿಗೆ ಸಿಕ್ಕ ಹಲ್ಲಿಗೆ ಬೇಕಾದ ಗುಣ ಅದೇ.

ಮೊದಲು ಗರಗಸದಿಂದ ಕವಲುಗಳನ್ನು ಕೊಯ್ದು ತೆಗೆಯುವುದು. ನಂತರ ನಡುದಂಡವನ್ನು ತುಂಡು ಮಾಡಿ ಉದ್ದಕ್ಕೆ ಸೀಳುವುದು. ಕೊಂಬಿನ ಒಳಗೆ ಸ್ಪಂಜಿನಂಥ ತಿರುಳು ಇರುತ್ತದೆ, ಅದು ಪೂರ್ತಿ ಹೋಗಬೇಕು. ಒಂದು ಚೂರು ತಿರುಳು ಹಲ್ಲಿನಲ್ಲಿ ಉಳಿದರೂ ಆ ಹಲ್ಲು ಮೊದಲ ವಾರವೇ ಉದುರುತ್ತದೆ. ಗಟ್ಟಿ ಹೊರಪದರದಿಂದ ಎರಡು ಬಗೆಯ ಪಟ್ಟಿ ಮಾಡುತ್ತಾರೆ. ಒಂದು, ಹಿಡಿಕೆಯ ಎರಡು ಉದ್ದ ಪಟ್ಟಿ: ಒಳಮುಖ ಚಪ್ಪಟೆ, ಹೊರಮುಖ ದುಂಡು. ಇನ್ನೊಂದು, ಹಲ್ಲಿನ ಬಿಲ್ಲೆಗಳು: ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಚಿಕ್ಕ ಆಯತಗಳು.

ಇಡೀ ಕಸುಬಿನ ಗುಟ್ಟು ನಾರಿನ ದಿಕ್ಕಿನಲ್ಲಿದೆ. ಹಿಡಿಕೆಯ ಪಟ್ಟಿಯಲ್ಲಿ ನಾರು ಬಾಚಣಿಗೆಯ ಉದ್ದಕ್ಕೆ ಇರಬೇಕು, ಹಲ್ಲಿನ ಬಿಲ್ಲೆಯಲ್ಲಿ ಹಲ್ಲಿನ ಉದ್ದಕ್ಕೆ. ಒಂದೇ ತುಂಡಿನಲ್ಲಿ ಕೊರೆದರೆ ಇವೆರಡರಲ್ಲಿ ಒಂದು ತಪ್ಪುತ್ತದೆ, ಹಲ್ಲುಗಳು ಬುಡದಲ್ಲೇ ಅಡ್ಡಕ್ಕೆ ಒಡೆಯುತ್ತವೆ. ಅಷ್ಟು ತುಂಡುಗಳನ್ನು ಜೋಡಿಸುವ ಕಷ್ಟವನ್ನೆಲ್ಲ ಪಡುತ್ತಿದ್ದುದು ಇದಕ್ಕೇ.

ಬಿಲ್ಲೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಎರಡೂ ಬದಿಗೆ ಹಿಡಿಕೆಯ ಪಟ್ಟಿ ಕೊಟ್ಟು ಬಿಗಿದು, ತೂತು ಕೊರೆದು, ಕಬ್ಬಿಣದ ಅಥವಾ ತಾಮ್ರಮಿಶ್ರ ಲೋಹದ ರಿವೆಟ್ (ತುದಿ ಬಡಿದು ಬಿಗಿಯುವ ಮೊಳೆ) ಹಾಕಿ ತಲೆ ಬಡಿಯುತ್ತಾರೆ. ಹಲ್ಲು ಕೊಯ್ಯುವುದು ಇದಾದ ಮೇಲೆಯೇ, ಸೆಂಟಿಮೀಟರಿಗೆ ಐದಾರರಂತೆ. ಹೇಗೆ ಗೊತ್ತೆಂದರೆ, ಹಳೆಯ ಬಾಚಣಿಗೆಗಳ ಹಿಡಿಕೆಯ ಕೆಳಅಂಚಿನಲ್ಲಿ ಗರಗಸ ತಾಗಿದ ಸಣ್ಣ ಸಣ್ಣ ಕಚ್ಚು ಸಾಲಾಗಿ ಕಾಣುತ್ತವೆ. ಜೋಡಿಸುವ ಮೊದಲೇ ಕೊಯ್ದಿದ್ದರೆ ಹಿಡಿಕೆಗೆ ಆ ಗುರುತು ಬೀಳುತ್ತಿರಲಿಲ್ಲ. ಕೊನೆಗೆ ಪ್ರತಿ ಹಲ್ಲಿನ ತುದಿ ಚೂಪು ಮಾಡಿ, ಅಂಚು ದುಂಡಗೆ ಮಾಡಿ, ನುಣ್ಣನೆ ಮರಳು ಮತ್ತು ಚರ್ಮದಿಂದ ಉಜ್ಜುವುದು. ಅಂಚು ದುಂಡಗಾಗದಿದ್ದರೆ ಬಾಚಣಿಗೆ ಕೂದಲನ್ನು ಕತ್ತರಿಸುತ್ತದೆ.

ತಪ್ಪಾಗುವ ಜಾಗಗಳು: ಬಿಲ್ಲೆಗಳ ದಪ್ಪ ಒಂದೇ ಇರದಿದ್ದರೆ ತೆಳು ಬಿಲ್ಲೆ ಸಡಿಲವಾಗಿ ಕೂದಲು ಕಚ್ಚಿಕೊಳ್ಳುತ್ತದೆ. ರಿವೆಟ್‌ನ ತಲೆ ಜೋರಾಗಿ ಬಡಿದರೆ ಹಿಡಿಕೆಯ ಪಟ್ಟಿ ನಾರಿನುದ್ದಕ್ಕೆ ಸೀಳುತ್ತದೆ. ನೆನೆಸಿದ ಕೊಂಬು ಕೊಯ್ಯಲು ಮೆತ್ತಗೆ, ಆದರೆ ಹಸಿ ಇರುವಾಗಲೇ ಜೋಡಿಸಿದರೆ ಒಣಗಿದ ಮೇಲೆ ಬಿಲ್ಲೆಗಳ ನಡುವೆ ಸಂದು ಬೀಳುತ್ತದೆ. ಮಗಳು ಆತುರಪಟ್ಟು ಹಸಿ ಬಿಲ್ಲೆ ತಂದುಕೊಟ್ಟಳು, ಅಪ್ಪ ಮುಟ್ಟಿ ನೋಡಿ ಹಿಂದಕ್ಕೆ ಕಳಿಸಿದ ಎಂದು ಬರೆದರೆ ಅದು ಕಸುಬಿಗೆ ಒಪ್ಪುವ ಮಾತು.

ಸದ್ದು: ಹಸಿ ಕೊಂಬಿನ ಮೇಲೆ ಗರಗಸದ ಸದ್ದು ಮಂದ, ಒಣ ಕೊಂಬಿನ ಮೇಲೆ ಕೀರಲು. ಕೊಯ್ದ ಪುಡಿಗೆ ಸುಟ್ಟ ಉಗುರಿನ ವಾಸನೆ. ಕೊಳ್ಳುವವರಿಗೆ ಇದು ಅಲಂಕಾರದ ವಸ್ತುವೂ ಹೌದು, ಹೇನು ತೆಗೆಯುವ ಸಾಧನವೂ ಹೌದು. ಇಂಗ್ಲೆಂಡಿನ ಯಾರ್ಕ್‌ನಲ್ಲಿ, ಅದೇ ಕಾಲದ ಮನೆಗಳ ಮಣ್ಣಿನಲ್ಲಿ ಮನುಷ್ಯರ ಹೇನು ಸಿಕ್ಕಿದೆ.

ತಕ್ಕಡಿ:

ಇನ್ನು ಹಣ. ಮಾರಿದಾಗ ಕೈಗೆ ಬರುತ್ತಿದ್ದುದು ಹೆಚ್ಚಾಗಿ ಬೆಳ್ಳಿ, ಅದೂ ತೂಕದ ಲೆಕ್ಕದಲ್ಲಿ. ಅರಬ್ ನಾಣ್ಯದ ಅರ್ಧ, ಮುರಿದ ಬಳೆಯ ತುಂಡು, ಬೆಳ್ಳಿ ಸರಳಿನಿಂದ ಕತ್ತರಿಸಿದ ಚೂರು, ಯಾವುದಾದರೂ ನಡೆಯುತ್ತದೆ. ದಿರ್ಹಮ್ ಎಂಬ ಆ ಅರಬ್ ನಾಣ್ಯ ಇಡಿಯಾಗಿದ್ದರೆ ಸುಮಾರು 3 ಗ್ರಾಮ್. 10ನೇ ಶತಮಾನದಲ್ಲಿ ಅವು ಬಹುಪಾಲು ಮಧ್ಯ ಏಷ್ಯಾದ ಸಾಮಾನಿ ದೊರೆಗಳ ಟಂಕಸಾಲೆಗಳಿಂದ, ರಷ್ಯಾದ ನದಿಗಳ ಹಾದಿಯಲ್ಲಿ ಬಾಲ್ಟಿಕ್ ತಲುಪುತ್ತಿದ್ದವು. ಜೊತೆಗೆ ಹೆಡೆಬಿಯಲ್ಲೇ 9ನೇ ಶತಮಾನದಿಂದ ತೆಳ್ಳನೆಯ ನಾಣ್ಯ ಅಚ್ಚು ಹಾಕುತ್ತಿದ್ದರು, ಮೊದಮೊದಲು ಫ್ರಾಂಕ್ ಜನರ ದೊರೆ ಷಾರ್ಲಮೇನ್ ಈಗಿನ ನೆದರ್ಲೆಂಡಿನ ದೋರೆಸ್ಟಾಡ್ ಪೇಟೆಯಲ್ಲಿ ಅಚ್ಚು ಹಾಕಿಸಿದ ನಾಣ್ಯದ ನಕಲಾಗಿ. ಬೆಲೆ ಹೇಳಿಸುವಾಗ ನಾಣ್ಯದ ಸಂಖ್ಯೆಗಿಂತ ತೂಕ ಹೇಳಿಸಿ. ಲೆಕ್ಕ ಹೀಗೆ: 3 ಎರ್ತೋಗ್ ಸೇರಿ 1 ಎಯ್ರಿರ್, 8 ಎಯ್ರಿರ್ ಸೇರಿ 1 ಮಾರ್ಕ್. ಎಯ್ರಿರ್ ಎಂದರೆ ಸುಮಾರು 24ರಿಂದ 27 ಗ್ರಾಮ್.

ತಕ್ಕಡಿ ಚಿಕ್ಕದು, ತೋಳು ಮಡಚಿ ಡಬ್ಬಿಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ತೂಕದ ಬಟ್ಟು ಎರಡು ಬಗೆ. ಸಣ್ಣವು ಮೂಲೆ ಕತ್ತರಿಸಿದ ಘನಾಕಾರದ ಕಂಚಿನ ಬಟ್ಟು, ಮುಖದ ಮೇಲೆ ಚುಕ್ಕಿಗಳ ಗುರುತು. ದೊಡ್ಡವು ಎರಡು ತುದಿ ಚಪ್ಪಟೆಯಾದ ಗುಂಡು: ಒಳಗೆ ಕಬ್ಬಿಣ, ಮೇಲೆ ಕಂಚಿನ ತೆಳು ಹೊದಿಕೆ. ಈ ಹೊದಿಕೆಯಲ್ಲಿ ಜಾಣತನ ಇದೆ. ಯಾರಾದರೂ ಮೋಸಕ್ಕೆ ಬಟ್ಟನ್ನು ಅರದಿಂದ ಉಜ್ಜಿದರೆ ಕಂಚಿನ ಪದರ ಹರಿದು ಒಳಗಿನ ಕಬ್ಬಿಣ ಕಾಣಿಸುತ್ತದೆ, ತುಕ್ಕೂ ಹಿಡಿಯುತ್ತದೆ.

ವ್ಯಾಪಾರದ ದೃಶ್ಯ ಬರೆಯುವಾಗ ಈ ಕ್ರಮ ಇಟ್ಟುಕೊಳ್ಳಿ. ಮೊದಲು ಬೆಳ್ಳಿಯ ಪರೀಕ್ಷೆ: ಚೂರನ್ನು ಬೆರಳಲ್ಲಿ ಬಗ್ಗಿಸಿ ನೋಡುವುದು, ಚಾಕುವಿನ ಮೊನೆಯಿಂದ ಅಂಚಿನಲ್ಲಿ ಸಣ್ಣದಾಗಿ ಕಚ್ಚು ಹಾಕುವುದು. ಒಳ್ಳೆಯ ಬೆಳ್ಳಿ ಮೆತ್ತಗೆ ಕಚ್ಚು ಬೀಳುತ್ತದೆ. ಮೇಲೆ ಬೆಳ್ಳಿ ಬಳಿದ ತಾಮ್ರವಾದರೆ ಕಚ್ಚಿನಲ್ಲಿ ಕೆಂಪು ಇಣುಕುತ್ತದೆ. ಕೈ ಬದಲಾದಾಗಲೆಲ್ಲ ಈ ಪರೀಕ್ಷೆ ನಡೆಯುತ್ತಿದ್ದುದರಿಂದ, ನಿಧಿಗಳಲ್ಲಿ ಸಿಗುವ ಎಷ್ಟೋ ಚೂರುಗಳ ಮೈತುಂಬ ಇಂಥ ಗಾಯ ಇರುತ್ತದೆ. ಆಮೇಲೆ ತೂಕ. ಬಂದರಿನ ಕಟ್ಟೆಯ ಮೇಲೆ ಗಾಳಿ ಬೀಸಿದರೆ ತಟ್ಟೆ ನಿಲ್ಲುವುದಿಲ್ಲ. ಯಾರಾದರೂ ಒಬ್ಬರು ಮೈ ಅಡ್ಡ ಇಟ್ಟು ನಿಲ್ಲಬೇಕು, ಅದು ಮಗಳ ಕೆಲಸವಾಗಬಹುದು. ತಕ್ಕಡಿಯ ತೋಳು ಒಂದು ಕಡೆ ಗಿಡ್ಡವೋ ಎಂಬ ಅನುಮಾನ ಬಂದರೆ ಬೆಳ್ಳಿಯನ್ನೂ ಬಟ್ಟನ್ನೂ ಅದಲುಬದಲು ಮಾಡಿ ಮತ್ತೆ ತೂಗುವುದು. ಸರಿಯಾದ ತಕ್ಕಡಿ ಎರಡು ಸಲವೂ ಒಂದೇ ಮಾತು ಹೇಳುತ್ತದೆ.

ನಾಣ್ಯ ಸುರಿದ ಝಣಝಣ ಸದ್ದು ಹಾಕಿಬಿಡಬೇಡಿ. ಚಿಕ್ಕ ಕಂಚಿನ ತಟ್ಟೆಗೆ ಒಂದು ಚೂರು, ಮತ್ತೊಂದು ಚೂರು ಬಿದ್ದ ಸಣ್ಣ ಸದ್ದು, ನಡುವೆ ಎಲ್ಲರೂ ಉಸಿರು ಹಿಡಿದ ಮೌನ. ಅಷ್ಟೇ.

ಬಾನುಲಿಬರಹ:

ಕೇಳಿದ್ದಕ್ಕಿಂತ ಹತ್ತು ಪಟ್ಟು ಸಿಕ್ಕಿತು, ಮೂವರಿಗೂ ಧನ್ಯವಾದ. ಊಟ, ನೀರಿನ ಬಗ್ಗೆ ಒಂದು ಅನುಮಾನ. ಆ ಕಾಲದಲ್ಲಿ ಅಲ್ಲಿಗೆ ಹೋಗಿದ್ದ ಅರಬ್ ಪ್ರವಾಸಿಯೊಬ್ಬ ಊರು ಬಡವಾಗಿತ್ತು, ಮೀನು ಬಿಟ್ಟರೆ ಬೇರೆ ಗತಿ ಇರಲಿಲ್ಲ ಎಂದಿದ್ದಾನಂತೆ. ಅದನ್ನು ಹಾಗೇ ತೆಗೆದುಕೊಳ್ಳಬಹುದೇ?

ಬೀಸುಕಲ್ಲು:

ನೀವು ಹೇಳುವುದು ಇಬ್ರಾಹಿಂ ಇಬ್ನ್ ಯಾಕೂಬ್ ಅಲ್ ತರ್ತೂಶಿ. ಸ್ಪೇನಿನ ತೊರ್ತೋಸಾದವನು, ಹೆಡೆಬಿಗೆ ಬಂದದ್ದು ನಿಮ್ಮ ನಾಟಕದ ಕಾಲದಲ್ಲೇ. ಅವನ ಮಾತು 13ನೇ ಶತಮಾನದ ಅಲ್ ಕಜ್ವೀನಿಯ ಬರಹದಲ್ಲಿ ಉಳಿದಿದೆ. ಊರೊಳಗೆ ಸಿಹಿನೀರಿನ ಬಾವಿಗಳಿವೆ, ಮೀನು ಹೇರಳವಾದ್ದರಿಂದ ಅದೇ ಮುಖ್ಯ ಆಹಾರ, ಗಂಡಸರೂ ಹೆಂಗಸರೂ ಕಣ್ಣಿಗೆ ಕಾಡಿಗೆಯಂಥದ್ದು ಹಚ್ಚುತ್ತಾರೆ, ಹೆಂಗಸು ತನಗೆ ಬೇಕೆಂದಾಗ ಗಂಡನನ್ನು ಬಿಡಬಹುದು, ಇವರ ಹಾಡು ನಾಯಿ ಗುರುಗುಟ್ಟಿದಂತಿದೆ ಎಂದೆಲ್ಲ ಹೇಳುತ್ತಾನೆ. ಅವನು ಬಂದದ್ದು ಮುಸ್ಲಿಂ ಸ್ಪೇನಿನ ದೊಡ್ಡ ನಗರಗಳಿಂದ. ಒಂದೂವರೆ ಸಾವಿರದಷ್ಟು ಜನರ ಪೇಟೆ ಅವನ ಕಣ್ಣಿಗೆ ಬಡವಾಗಿ ಕಂಡದ್ದು ಸಹಜ. ಮೀನಿನ ಮಾತು ಅರ್ಧ ನಿಜ. ಅಗೆದಾಗ ಮೀನಿನ ಮುಳ್ಳಿನ ಜೊತೆ ಹಂದಿ, ದನದ ಮೂಳೆಗಳೂ ರಾಶಿ ರಾಶಿ ಸಿಕ್ಕಿವೆ.

ದಿನಕ್ಕೆ ಎರಡು ಊಟ: ಬೆಳಗಿನ ಕೆಲಸ ಒಂದಷ್ಟು ಮುಗಿದ ಮೇಲೆ ಒಂದು, ಸಂಜೆ ಒಂದು. ಧಾನ್ಯ ಬಾರ್ಲಿ ಮತ್ತು ರೈ. ಸ್ವೀಡನ್ನಿನ ಬಿರ್ಕಾದ ಸಮಾಧಿಗಳಲ್ಲಿ ಆ ಕಾಲದ ರೊಟ್ಟಿಗಳೇ ಸಿಕ್ಕಿವೆ. ಚಿಕ್ಕವು, ತೆಳುವಾದವು, ಹೆಚ್ಚಿನವು ಬಾರ್ಲಿಯವು. ಬಾರ್ಲಿ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ನಮ್ಮ ಜೋಳದ ಹಿಟ್ಟಿನ ಹಾಗೆ. ಉಬ್ಬುವುದಿಲ್ಲ, ಎಳೆದರೆ ಹರಿಯುತ್ತದೆ. ತಟ್ಟಿ ತೆಳ್ಳಗೆ ಮಾಡಿ ಬಿಸಿ ಕಬ್ಬಿಣದ ಮೇಲೆ ಬೇಯಿಸಬೇಕು. ಉದ್ದ ಹಿಡಿಯ ದುಂಡನೆಯ ಕಬ್ಬಿಣದ ಹಂಚೂ ಬಳಕೆಯಲ್ಲಿತ್ತು. ಬಿಸಿ ಇರುವಾಗ ಮೆತ್ತಗೆ, ಆರಿದರೆ ಗಟ್ಟಿ. ಅಜ್ಜಿಗೆ ಹಲ್ಲು ಕಡಿಮೆ ಇದ್ದರೆ ಗಂಜಿಯಲ್ಲಿ ನೆನೆಸಿಕೊಡಿ.

ಹಿಟ್ಟು ಬೀಸುವುದು ಮನೆಯಲ್ಲೇ, ಕೈಯಿಂದ ತಿರುಗಿಸುವ ಬೀಸುಕಲ್ಲಿನಲ್ಲಿ. ಕಲ್ಲು ಮಾತ್ರ ದೂರದ್ದು: ರೈನ್ ನದಿಯ ಬಳಿಯ ಮಾಯೆನ್ ಎಂಬಲ್ಲಿನ ಜ್ವಾಲಾಮುಖಿ ಶಿಲೆ. ಅರೆಬರೆ ಕಡಿದ ಕಲ್ಲುಗಳು ಹಡಗಿನಲ್ಲಿ ಬಂದು, ಕೊನೆಯ ಕೆತ್ತನೆ ಹೆಡೆಬಿಯಲ್ಲಿ ಆಗುತ್ತಿತ್ತು. ಅಷ್ಟು ದೂರದಿಂದ ತರಿಸಲು ಕಾರಣ ಆ ಕಲ್ಲಿನ ಮೈತುಂಬ ಇರುವ ಸಣ್ಣ ಗುಳ್ಳೆಯ ತೂತುಗಳು. ಸವೆದ ಹಾಗೆಲ್ಲ ಹೊಸ ತೂತಿನ ಅಂಚು ಮೇಲೆ ಬಂದು ಕಲ್ಲು ತಾನೇ ಒರಟಾಗಿ ಉಳಿಯುತ್ತದೆ. ಮುಳ್ಳು ಹೊಡೆಸುವ ಕೆಲಸ ಕಡಿಮೆ. ಕೆಟ್ಟದ್ದೆಂದರೆ ಕಲ್ಲಿನ ಪುಡಿ ಹಿಟ್ಟಿಗೆ ಸೇರಿ ಹಲ್ಲು ಸವೆಯುತ್ತದೆ. ಬೆಳಗಿನ ಮೊದಲ ಸದ್ದಿಗೆ ಈ ಬೀಸುವ ಗರಗರವೇ ತಕ್ಕದ್ದು.

ಮೀನಿನಲ್ಲಿ ಎರಡು ಬಗೆ ಬೇರೆ ಮಾಡಿ. ಹೆರಿಂಗ್, ಪರ್ಚ್, ಪೈಕ್ ಹತ್ತಿರದ ಶ್ಲೈ ಹಿನ್ನೀರಿನವು, ತಾಜಾ. ಇನ್ನೊಂದು ಒಣ ಕಾಡ್ ಮೀನು. ಹೆಡೆಬಿಯಲ್ಲಿ ಸಿಕ್ಕ ಕಾಡ್ ಮುಳ್ಳುಗಳ ಡಿಎನ್‌ಎ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಉತ್ತರ ನಾರ್ವೆಯ ತಂಪು ಕಡಲಿನ ಮೀನು ಎಂದು ತಿಳಿದದ್ದು ಆಗ. ಲೋಫೋಟೆನ್ ಕಡೆ ಚಳಿಗಾಲದ ಕೊನೆಯಲ್ಲಿ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಅದಕ್ಕಿಂತ ಬೆಚ್ಚಗಾದರೆ ನೊಣ ಮೊಟ್ಟೆಯಿಡುತ್ತದೆ, ಮೀನು ಕೊಳೆಯುತ್ತದೆ. ತೀರ ತಣ್ಣಗಾದರೆ ಒಳಗಿನ ನೀರು ಹೆಪ್ಪುಗಟ್ಟಿ ಮಾಂಸ ಸಿಡಿದು ಬೆಂಡಾಗುತ್ತದೆ. ನಡುವಿನ ಆ ಹದದಲ್ಲಿ ಉಪ್ಪೇ ಇಲ್ಲದೆ ಕಟ್ಟಿಗೆಯಂತೆ ಒಣಗಿ, ತೂಕ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಿನ್ನಬೇಕಾದರೆ ಮೊದಲು ಕೊಡತಿಯಿಂದ ಬಡಿದು ನಾರು ಬಿಡಿಸಬೇಕು, ನಂತರ ದಿನಗಟ್ಟಲೆ ನೆನೆಸಬೇಕು. ಬಡಿಯುವ ಆ ಸದ್ದು ಮರಕ್ಕೆ ಮರ ತಾಗಿದ ಹಾಗೆ. ಮಕ್ಕಳು ಕೇಳಿ ಏನು ಕುಟ್ಟುತ್ತಿದ್ದಾರೆಂದು ಊಹಿಸಲಿ.

ಜೊತೆಗೆ ಪ್ಲಮ್ ಹಣ್ಣು, ಹೇಝಲ್ ಕಾಯಿ, ಕಪ್ಪು ಬೆರಿ ಹಣ್ಣು. ಸಿಹಿಗೆ ಜೇನು ಮಾತ್ರ. ಆಲೂಗಡ್ಡೆ, ಟೊಮೆಟೊ ಅಪ್ಪಿತಪ್ಪಿಯೂ ಬರಬಾರದು. ಕುಡಿಯಲು ಬಾರ್ಲಿಯ ಏಲ್, ಅಂದರೆ ಒಂದು ಬಗೆಯ ಬಿಯರ್. ಅದಕ್ಕೆ ಹಾಕುವ ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂ) ಮತ್ತು ಜೌಗಿನ ಒಂದು ಪರಿಮಳದ ಗಿಡ, ಎರಡರ ಗುರುತೂ ಹೆಡೆಬಿಯ ಮಣ್ಣಿನಲ್ಲಿ ಸಿಕ್ಕಿದೆ.

ನೀರು: ಶ್ಲೈ ಕಡಲಿಗೆ ತೆರೆದುಕೊಂಡ ಹಿನ್ನೀರು, ಅರೆ ಉಪ್ಪು, ಕುಡಿಯಲು ಬರುವುದಿಲ್ಲ. ಆದ್ದರಿಂದ ಬಾವಿ. ಕೆಲವು ಬಾವಿಗಳ ಒಳಗೋಡೆಗೆ ರೈನ್ ಸೀಮೆಯಿಂದ ವೈನ್ ತಂದ ಹಳೆಯ ಪೀಪಾಯಿಗಳ ತಳ ತೆಗೆದು ಇಳಿಸಿದ್ದರು. ಮಣ್ಣು ಕುಸಿಯದಂತೆ ಅಷ್ಟು ಸಾಕು.

ಕಕ್ಕಸಿನ ಒಳ್ಳೆಯ ವಿವರ ಯಾರ್ಕ್‌ನ ಕಾಪರ್‌ಗೇಟ್ ಬೀದಿಯದ್ದು, 1976ರಿಂದ 1981ರವರೆಗೆ ಅಗೆದದ್ದು. ಮನೆಯ ಹಿತ್ತಲಲ್ಲೇ ಕಡ್ಡಿ ಹೆಣೆದ ತಡಿಕೆ ಇಳಿಸಿದ ಗುಂಡಿ, ಒರೆಸಲು ಪಾಚಿ. ಆ ಗುಂಡಿಗಳ ಮಣ್ಣಿನಲ್ಲಿ ಚಾಟಿಹುಳು ಮತ್ತು ಜಂತುಹುಳುವಿನ ಮೊಟ್ಟೆಗಳು ಲೆಕ್ಕವಿಲ್ಲದಷ್ಟು. ಅದೇ ಹಿತ್ತಲಲ್ಲಿ ಬಾವಿ ಇದ್ದರೆ ಗುಂಡಿಯ ನೀರು ಬಸಿದು ಬಾವಿಗೆ ಸೇರುತ್ತದೆ. ಮಕ್ಕಳ ಹೊಟ್ಟೆನೋವು ಆ ಪೇಟೆಗಳಲ್ಲಿ ದಿನನಿತ್ಯದ ಮಾತು.

ಹಾಸುಹೊಕ್ಕು:

ಅಮ್ಮ ನೂಲುತ್ತಾಳೆ ಎಂದಿದ್ದೀರಿ. ಅವಳನ್ನು ಒಂದೇ ಕಡೆ ಕೂರಿಸಬೇಡಿ. ಕದಿರಿನಲ್ಲಿ ಉಣ್ಣೆ ನೂಲುವುದು ನಿಂತು, ನಡೆದಾಡುತ್ತಲೇ ಮಾಡುವ ಕೆಲಸ. ನೇಯಲು ಒಂದು ದಿನ ಹಿಡಿದರೆ ಅದಕ್ಕೆ ಬೇಕಾದ ನೂಲಿಗೆ ಅದರ ಹಲವು ಪಟ್ಟು ದಿನ ಬೇಕು. ಹಾಗಾಗಿ ಮಾತಾಡುವಾಗ, ಗಂಜಿ ಕಾಯುವಾಗ, ಪಕ್ಕದ ಮನೆಗೆ ಹೋಗುವಾಗಲೂ ಕೈಯಲ್ಲಿ ಕದಿರು. ಕದಿರಿಗೆ ಭಾರಕ್ಕೆಂದು ಸಿಕ್ಕಿಸುವ ದುಂಡು ಬಿಲ್ಲೆ ಹಗುರವಾದರೆ ಸಣ್ಣ ನೂಲು, ಭಾರವಾದರೆ ದಪ್ಪ ನೂಲು. ಭಾರದ ಬಿಲ್ಲೆ ಹಾಕಿ ಸಣ್ಣ ನೂಲು ತೆಗೆಯಹೊರಟರೆ ಎಳೆ ಕಡಿದು ಕದಿರು ನೆಲಕ್ಕೆ ಬೀಳುತ್ತದೆ.

ಮಗ್ಗ ನಮ್ಮ ಕುಣಿಮಗ್ಗದಂತಲ್ಲ. ಗೋಡೆಗೆ ಒರಗಿಸಿದ ಎರಡು ಕಂಬ, ಮೇಲೆ ಅಡ್ಡಮರ, ಅದರಿಂದ ಹಾಸು ಇಳಿಬಿಟ್ಟು, ತುದಿಗೆ ಸುಟ್ಟ ಮಣ್ಣಿನ ಬಳೆಯಂಥ ಭಾರಗಳನ್ನು ಕಟ್ಟುತ್ತಾರೆ. ನೇಯುವವಳು ನಿಂತೇ ನೇಯುತ್ತಾಳೆ. ಬಟ್ಟೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಹೊಕ್ಕನ್ನು ಕತ್ತಿಯಾಕಾರದ ಪಟ್ಟಿಯಿಂದ ಮೇಲಕ್ಕೆ ಬಡಿಯುತ್ತಾಳೆ. ಎಳೆ ಬದಲಿಸಿದಾಗಲೆಲ್ಲ ಆ ಮಣ್ಣಿನ ಬಳೆಗಳು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತವೆ. ಬಾನುಲಿಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಸದ್ದು ಸಿಗದು.

ಅವರ ಉಡುಪು ನಮಗೆ ಗೊತ್ತಾದ ಬಗೆಯೇ ಚೆಂದ. ಹಳೆಯ ಬಟ್ಟೆ ಹರಿದ ಮೇಲೆ ಚಿಂದಿಯನ್ನು ಮರದಿಂದ ತೆಗೆದ ಕಪ್ಪು ಅಂಟಾದ 'ಟಾರ್'ನಲ್ಲಿ ಅದ್ದಿ ಹಡಗಿನ ಕೆಲಸಕ್ಕೆ ಬಳಸುತ್ತಿದ್ದರು. ಟಾರ್ ಹತ್ತಿದ ಚಿಂದಿ ಬಂದರಿನ ಕೆಸರಿಗೆ ಬಿದ್ದು ಕೊಳೆಯದೆ ಉಳಿಯಿತು. ಷರಾಯಿ, ಹೆಂಗಸರ ಪಟ್ಟಿಯ ಮೇಲುಡುಗೆ ಎಲ್ಲದರ ಹೊಲಿಗೆ ಅದರಲ್ಲಿ ಕಾಣುತ್ತದೆ.

ಮೆಟ್ಟು: ಮೇಲ್ಚರ್ಮವನ್ನೂ ಒಂದೇ ಪದರದ ಅಟ್ಟೆಯನ್ನೂ ಒಳಮಗ್ಗುಲು ಹೊರಗೆ ಮಾಡಿ ಹೊಲಿದು, ನೀರಲ್ಲಿ ನೆನೆಸಿ ಮಗುಚುತ್ತಾರೆ. ಹೊಲಿಗೆ ಒಳಗೆ ಸೇರುವುದರಿಂದ ಹಲಗೆಯ ಬೀದಿಗೆ ಉಜ್ಜಿ ಸವೆಯುವುದಿಲ್ಲ. ಒಣ ಚರ್ಮವನ್ನು ಮಗುಚಲು ಹೋದರೆ ಹೊಲಿಗೆ ಹಾಕಿದ ತೂತುಗಳ ಸಾಲಿನಲ್ಲೇ ಹರಿಯುತ್ತದೆ.

ಬಂದರುಕಟ್ಟೆ:

ಒಂದು ವಿಷಯ ಯಾರೂ ಎತ್ತಲಿಲ್ಲ. ಮಕ್ಕಳ ನಾಟಕವಾದರೂ ಅದನ್ನು ಪೂರ್ತಿ ಬಿಡಬಾರದು. ಹೆಡೆಬಿಯಲ್ಲಿ ಮನುಷ್ಯರನ್ನೂ ಮಾರುತ್ತಿದ್ದರು. ಬಂದರಿನಲ್ಲಿ ಕಬ್ಬಿಣದ ಸಂಕೋಲೆ ಸಿಕ್ಕಿದೆ. 865ರಿಂದ 888ರವರೆಗೆ ಆರ್ಚ್‌ಬಿಷಪ್ ಆಗಿದ್ದ ರಿಂಬರ್ಟ್ ಇದೇ ಊರಲ್ಲಿ ಸಂಕೋಲೆ ತೊಟ್ಟ ಸೆರೆಯವರ ಸಾಲು ಕಂಡು, ಅದರಲ್ಲಿ ಕೀರ್ತನೆ ಹಾಡುತ್ತಿದ್ದ ಒಬ್ಬ ಸನ್ಯಾಸಿನಿಯನ್ನು ತಾನು ಹತ್ತಿದ್ದ ಕುದುರೆಯನ್ನೇ ಜೀನು ಸಮೇತ ಕೊಟ್ಟು ಬಿಡಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಬೀಸುಕಲ್ಲು ತಿರುಗಿಸುವ, ನೀರು ಹೊರುವ ಕೈ ಎಷ್ಟೋ ಮನೆಗಳಲ್ಲಿ ಗುಲಾಮರದ್ದು. ಮಗಳು ಬಾವಿಗೆ ಹೋದಾಗ ಪಕ್ಕದ ಮನೆಯ ಗುಲಾಮ ಹುಡುಗಿಯೂ ಬಂದಿರಲಿ, ಅವಳ ಭಾಷೆ ಬೇರೆ ಇರಲಿ. ಮಕ್ಕಳಿಗೆ ಅಷ್ಟರಲ್ಲೇ ತಿಳಿಯುತ್ತದೆ.

ಇನ್ನೊಂದು ಎಚ್ಚರ. ವೈಕಿಂಗರ ಬುದ್ಧ ಎಂದು ಓದಿ ಹೆಡೆಬಿಗೆ ಭಾರತದ ಬುದ್ಧನನ್ನು ತಂದು ಕೂರಿಸುವವರಿದ್ದಾರೆ. ಆ ಚಿಕ್ಕ ಕಂಚಿನ ಬುದ್ಧ ಸಿಕ್ಕಿದ್ದು 1950ರ ದಶಕದಲ್ಲಿ, ಸ್ವೀಡನ್ನಿನ ಹೆಲ್ಗೋ ದ್ವೀಪದಲ್ಲಿ. ಮೂರ್ತಿ 6ನೇ ಶತಮಾನದ್ದು, ಉಪಖಂಡದ ವಾಯವ್ಯ ಭಾಗದ್ದು. ನಿಮ್ಮ ಮನೆಯ ಗೂಡಿನಲ್ಲಿ ಅದು ಬೇಡ.

ಬಾನುಲಿಬರಹ:

ಗುಲಾಮ ಹುಡುಗಿಯ ದೃಶ್ಯ ಖಂಡಿತ ಸೇರಿಸುತ್ತೇನೆ. ಕೊನೆಯ ಪ್ರಶ್ನೆ: ಚರ್ಚಿನ ಗಂಟೆ ಬಾರಿಸಬಹುದೇ? ಊರೆಲ್ಲ ಹಳೆಯ ದೇವರುಗಳನ್ನು ಪೂಜಿಸುತ್ತಿದ್ದ ಕಾಲವಲ್ಲವೇ?

ಬಂದರುಕಟ್ಟೆ:

ಬಾರಿಸಬಹುದು. ಅನ್ಸ್‌ಗರ್ ಎಂಬ ಧರ್ಮಪ್ರಚಾರಕ 850ರ ಸುಮಾರಿಗೆ ರಾಜನ ಅಪ್ಪಣೆ ಪಡೆದು ಇಲ್ಲಿ ಚರ್ಚು ಕಟ್ಟಿಸಿದ್ದ. ಸ್ವಲ್ಪ ವರ್ಷದ ಮೇಲೆ ಗಂಟೆ ಇಡಲೂ ಅಪ್ಪಣೆ ಸಿಕ್ಕಿತು. ಅದುವರೆಗೆ ಆ ಸದ್ದು ಕೇಳಿದರೇ ಊರಿನ ಹಳೆಯ ಮತದವರು ಒಪ್ಪುತ್ತಿರಲಿಲ್ಲ. 965ರ ಹೊತ್ತಿಗೆ ಹೆಡೆಬಿಗೆ ಬಿಷಪ್ ಪದವಿಯೇ ಬಂದಿತ್ತು, ಹ್ಯಾರಲ್ಡ್ ಬ್ಲೂಟೂತ್ ದೊರೆ ಕ್ರೈಸ್ತನಾದದ್ದೂ ಅದೇ ವರ್ಷಗಳಲ್ಲಿ. ಆದರೂ ಪಕ್ಕದ ಮನೆಯವನು ಬಲಿ ಕೊಟ್ಟ ಪ್ರಾಣಿಯನ್ನು ಬಾಗಿಲ ಮುಂದೆ ಕಂಬಕ್ಕೆ ನೇತುಹಾಕುವುದನ್ನು ಅಲ್ ತರ್ತೂಶಿ ಬರೆದಿದ್ದಾನೆ. ಎರಡೂ ಒಂದೇ ಬೀದಿಯಲ್ಲಿ ಇರಲಿ.

ಗಂಟೆಯ ಗಾತ್ರ ಗಮನಿಸಿ. ಬಂದರಿನ ತಳದಲ್ಲಿ ಸಿಕ್ಕ ಕಂಚಿನ ಗಂಟೆ ಸುಮಾರು ಅರ್ಧ ಮೀಟರ್ ಎತ್ತರದ್ದು, ಜೇನುಗೂಡಿನ ಆಕಾರದ್ದು. ಈಗಿನ ದೊಡ್ಡ ಚರ್ಚುಗಳ ಗಂಭೀರ, ಉದ್ದನೆಯ ನಾದ ಅದರಿಂದ ಬರುವುದಿಲ್ಲ. ಮೊಟಕಾದ, ಬೇಗ ಆರುವ ಸದ್ದು ಹುಡುಕಿ. ನೀರಿನ ಮೇಲಿನಿಂದ, ಸ್ವಲ್ಪ ದೂರದಲ್ಲಿ ಕೇಳಿಸಿ.